ಕಟಿಂಗ್ ಟೆಸ್ಟ್ ಗೊತ್ತಿಲ್ಲದ ಆರ್ಬಿಟ್ರೇಶನ್ ವಕೀಲರು

ಕಾರವಾರದ ಕೋರ್ಟ್ ಆವರಣದಲ್ಲಿ ಆರ್ಬಿಟ್ರೇಟರ್ (ಕೋರ್ಟಿನ ಹೊರಗೆ ವಿವಾದ ಕೇಳಿ ತೀರ್ಪು ಕೊಡುವವರು) ಅಂದರೆ ಮೊದಲು ನೆನಪಾಗುವುದು ಡಿಸಿ ಸಾಹೇಬರು. ಹೆದ್ದಾರಿ 66ಕ್ಕೆ ಜಾಗ ಕೊಟ್ಟವರು ಪರಿಹಾರ ಸಾಲದೆಂದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಕಲಂ 3ಜಿ(5)ರಡಿ ಅವರ ಮುಂದೆ ಹೋಗುತ್ತಾರೆ. ಅಲ್ಲೂ ಸಮಾಧಾನವಾಗದಿದ್ದರೆ ಆ ತೀರ್ಪು, ಅಂದರೆ ಅವಾರ್ಡ್, ರದ್ದು ಮಾಡಿ ಎಂದು 1996ರ ಆರ್ಬಿಟ್ರೇಶನ್ ಕಾಯ್ದೆಯ ಕಲಂ 34ರ ಅರ್ಜಿ ಹಿಡಿದು ಜಿಲ್ಲಾ ನ್ಯಾಯಾಲಯಕ್ಕೆ ಬರುತ್ತಾರೆ. ಇನ್ನು ‘ಮಧ್ಯಸ್ಥಿಕೆ’ ಅಂದರೆ ನಮ್ಮ ಕಕ್ಷಿದಾರರಿಗೆ ಕಾಣುವುದು ಮೀಡಿಯೇಶನ್ ಸೆಂಟರಿನ ಬೋರ್ಡು. ಅದು ರಾಜಿ, ಇದು ತೀರ್ಪು. ಎರಡಕ್ಕೂ ಕನ್ನಡದಲ್ಲಿ ಒಂದೇ ಪದ ಓಡಾಡುತ್ತಿದೆ. ಆ ಗೊಂದಲ ಬೇಡವೆಂದು ಇಲ್ಲಿ ಆರ್ಬಿಟ್ರೇಶನ್ ಎಂದೇ ಬರೆಯುತ್ತೇನೆ.

ಹೊಸದಾಗಿ ಸನದು ಪಡೆದವರಲ್ಲಿ ಈಗ ‘ಇಂಟರ್‌ನ್ಯಾಷನಲ್ ಆರ್ಬಿಟ್ರೇಶನ್’ ಮೋಹ ಜೋರಾಗಿದೆ. ಒಳ್ಳೆಯದೇ. ಆದರೆ ಅದಕ್ಕೆ ಬೇಕಾದದ್ದು ಸಿಂಗಪುರದ ವಿಮಾನದ ಟಿಕೆಟ್, ಲಂಡನ್ನಿನ ಎಲ್ಎಲ್ಎಂ, ನಿರರ್ಗಳ ಭಾಷಣ ಎಂಬ ನಂಬಿಕೆ ತಪ್ಪು. ಈ ಕೆಲಸದ ಮುಕ್ಕಾಲು ಪಾಲು ಕಾಗದ ಮತ್ತು ಕ್ಯಾಲೆಂಡರ್. ಉಳಿದದ್ದು ಸರಕಿನ ಜ್ಞಾನ, ಮತ್ತು ಅದು ನಮ್ಮ ಕರಾವಳಿಯಲ್ಲಿ ಬಿಟ್ಟಿ ಸಿಗುತ್ತದೆ.

ಹೆದ್ದಾರಿ ಕೇಸು ನಡೆಸಿದವರಿಗೆ 1996ರ ಆರ್ಬಿಟ್ರೇಶನ್ ಕಾಯ್ದೆಯ ಒಂದು ಬೆನ್ನೆಲುಬು ಆಗಲೇ ಗೊತ್ತಿರುತ್ತದೆ. ಕಲಂ 34ರ ಅರ್ಜಿಗೆ ಅವಾರ್ಡ್ ಕೈಗೆ ಬಂದ ದಿನದಿಂದ 3 ತಿಂಗಳು, ಸಕಾರಣವಿದ್ದರೆ ಮತ್ತೆ 30 ದಿನ, ಅದರಾಚೆ ಒಂದು ದಿನವೂ ಇಲ್ಲ. 3 ತಿಂಗಳೆಂದರೆ 90 ದಿನವಲ್ಲ, ಕ್ಯಾಲೆಂಡರ್ ತಿಂಗಳು. ಕಲಂ 34ರಲ್ಲಿ ಅವಾರ್ಡಿನ ಮೊತ್ತ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದ್ದೇ ಹೆದ್ದಾರಿ ಪರಿಹಾರದ ಪ್ರಕರಣದಲ್ಲಿ. 2025ರ ಏಪ್ರಿಲ್ 30ರಂದು ಸಂವಿಧಾನ ಪೀಠ ಸೀಮಿತ ಬದಲಾವಣೆಗೆ ಅವಕಾಶ ಕೊಟ್ಟಿತು. ಒಂದು ಕಡೆಯವರು ವಿದೇಶದವರಾಗಿದ್ದು, ಸೀಟು (ಆರ್ಬಿಟ್ರೇಶನ್ನಿನ ಕಾನೂನು ನೆಲೆ) ಭಾರತದಲ್ಲಿದ್ದರೂ ಇದೇ ಕಲಂ. ಅರ್ಜಿ ಮಾತ್ರ ಜಿಲ್ಲಾ ನ್ಯಾಯಾಲಯಕ್ಕಲ್ಲ, ಹೈಕೋರ್ಟಿಗೆ. ನಮ್ಮ ಜಿಲ್ಲೆಗೆ ಧಾರವಾಡ ಪೀಠ.

ಈಗ ಸರಕಿಗೆ ಬರೋಣ. ಕುಮಟಾ ಸುತ್ತಿನ ಕಾರ್ಖಾನೆಗಳು ಒಡೆಯುವ ಗೇರುಬೀಜದಲ್ಲಿ ಆಫ್ರಿಕಾದಿಂದ ಬಂದದ್ದೂ ಇರುತ್ತದೆ. ಖರೀದಿ ಕರಾರಿನಲ್ಲಿ ಮೂರು ಅಂಕಿ ನೋಡಿ: ಔಟ್‌ಟರ್ನ್, ಕಿಲೋಗೆ ಎಷ್ಟು ಬೀಜ, ತೇವಾಂಶ. ಔಟ್‌ಟರ್ನ್ ಅಂದರೆ 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಎಂಬ ಲೆಕ್ಕ. 1 ಕಿಲೋ ಸ್ಯಾಂಪಲ್ ಕತ್ತರಿಸಿ, ಒಳ್ಳೆಯ ತಿರುಳಿನ ತೂಕಕ್ಕೆ ಕಲೆಯಾದ, ಬಲಿಯದ ತಿರುಳಿನ ಅರ್ಧ ತೂಕ ಕೂಡಿಸಿ, ಬಂದ ಗ್ರಾಮನ್ನು 0.1764ರಿಂದ ಗುಣಿಸಬೇಕು. ಇದೇ ಕಟಿಂಗ್ ಟೆಸ್ಟ್. 272 ಗ್ರಾಂ ಬಂದರೆ 48 ಪೌಂಡ್. 255 ಬಂದರೆ 45. ಉದಾಹರಣೆಗೆ ಟನ್ನಿಗೆ 1,200 ಡಾಲರ್ ದರ, 48 ಪೌಂಡಿನ ಕರಾರು, ಬಂದದ್ದು 45 ಎಂದಿಟ್ಟುಕೊಳ್ಳಿ. ಅನುಪಾತದಲ್ಲಿ ಟನ್ನಿಗೆ 75 ಡಾಲರ್ ಖೋತಾ, 500 ಟನ್ನಿಗೆ 37,500 ಡಾಲರ್. ಇಷ್ಟು ಹಣಕ್ಕೆ ಮೂವರು ಆರ್ಬಿಟ್ರೇಟರುಗಳನ್ನು ಕೂರಿಸುವ ಕರಾರಿದ್ದರೆ ಗೆದ್ದವನೂ ಸೋತಂತೆಯೇ. ಪ್ಯಾರಿಸ್ಸಿನ ಆರ್ಬಿಟ್ರೇಶನ್ ಸಂಸ್ಥೆ ಐಸಿಸಿಯಲ್ಲಿ (ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್) ಅರ್ಜಿ ಹಾಕಲಿಕ್ಕೇ 5,000 ಡಾಲರ್, ಅದೂ ವಾಪಸ್ ಇಲ್ಲ.

ಇಂಥ ಕೇಸುಗಳು ಬೀಳುವುದು ಕಾನೂನಿನ ಪಾಯಿಂಟಿನಲ್ಲಲ್ಲ, ಸ್ಯಾಂಪಲಿನಲ್ಲಿ. ಕಂಟೇನರ್ ಬಂತು, ಮಾಲು ಇಳಿಸಿದರು, ಹಳೆಯ ದಾಸ್ತಾನಿನ ಜೊತೆ ಅಂಗಳದಲ್ಲಿ ಒಣಗಲು ಹರವಿದರು. ಹತ್ತು ದಿನದ ಮೇಲೆ ಸೂಪರ್‌ವೈಸರ್ ಕತ್ತರಿಸಿ ನೋಡಿ, ಫೋಟೋ ತೆಗೆದು ವಾಟ್ಸಾಪ್ ಮಾಡಿದ. ಮಾರಿದವನ ವಕೀಲ ಕೇಳುವುದು ಒಂದೇ ಪ್ರಶ್ನೆ: ಇದು ನಮ್ಮ ಮಾಲೇ ಎಂಬುದಕ್ಕೆ ಏನು ಸಾಕ್ಷಿ? ಕಂಟೇನರಿನ ಸೀಲ್ ನಂಬರ್ ಬರೆದುಕೊಂಡು, ಬಾಗಿಲು ತೆಗೆಯುವ ಮೊದಲೇ ಮಾರಿದವನಿಗೆ ಇಮೇಲಿನಲ್ಲಿ ತಿಳಿಸಿ, ಮಾಲು ಪರೀಕ್ಷಿಸುವ ಸರ್ವೇಯರ್ ಎದುರು ಸ್ಯಾಂಪಲ್ ತೆಗೆದು, ಒಂದು ಪಾಲು ಮೊಹರು ಮಾಡಿ ಇಟ್ಟಿದ್ದರೆ ಕಥೆಯೇ ಬೇರೆ. ಕರಾರಿನಲ್ಲಿ ‘ಲೋಡಿಂಗ್ ಬಂದರಿನ ಗುಣಮಟ್ಟವೇ ಅಂತಿಮ’ ಎಂದು ಬರೆದಿದ್ದರೆ ಅದೂ ಕಷ್ಟ, ಇಲ್ಲಿನ ಪರೀಕ್ಷೆಗೆ ಬೆಲೆ ಬಹಳ ಕಡಿಮೆ. ಇದನ್ನು ವ್ಯಾಪಾರಿಗೆ ಸಹಿ ಹಾಕುವ ಮೊದಲು ಹೇಳುವ ವಕೀಲ ಬೇಕು. ಅಂಥವರು ಹೆಚ್ಚಿಲ್ಲ ಮಾರಾಯ್ರೆ.

ಕರಾರಿನ ಕೊನೆಯ ಪುಟದ ಆರ್ಬಿಟ್ರೇಶನ್ ಷರತ್ತನ್ನು ಸಾಮಾನ್ಯವಾಗಿ ಹಳೆಯ ಕಡತದಿಂದ ಎತ್ತಿ ಅಂಟಿಸಿರುತ್ತಾರೆ. ‘ವಿವಾದ ಬಂದರೆ ಲಂಡನ್ನಿನಲ್ಲಿ ಆರ್ಬಿಟ್ರೇಶನ್’ ಎಂದು ಒಂದು ಸಾಲು, ಕೆಳಗೆ ‘ಕುಮಟಾ ನ್ಯಾಯಾಲಯಕ್ಕೆ ಮಾತ್ರ ಅಧಿಕಾರ’ ಎಂದು ಇನ್ನೊಂದು. ಇವೆರಡರ ಜಗಳ ಬಿಡಿಸಲಿಕ್ಕೇ ಎರಡು ವರ್ಷ ಹೋಗಬಹುದು. ಯಾವ ಸಂಸ್ಥೆಯ ನಿಯಮ, ಸೀಟು ಯಾವ ಊರು, ಆರ್ಬಿಟ್ರೇಟರ್ ಎಷ್ಟು ಮಂದಿ, ಯಾವ ಭಾಷೆ, ಕರಾರಿಗೆ ಯಾವ ದೇಶದ ಕಾನೂನು ಎಂಬಿಷ್ಟು ಸ್ಪಷ್ಟವಾಗಿದ್ದರೆ ಸಾಕು. ಸೀಟು ಅಂದರೆ ವಿಚಾರಣೆ ನಡೆಯುವ ಹೋಟೆಲಿನ ವಿಳಾಸವಲ್ಲ; ಅವಾರ್ಡನ್ನು ರದ್ದು ಮಾಡುವ ಅಧಿಕಾರ ಯಾವ ಊರಿನ ಕೋರ್ಟಿಗೆ ಎಂಬುದು. ಸುಪ್ರೀಂ ಕೋರ್ಟಿನ 2012ರ ಸೆಪ್ಟೆಂಬರ್ 6ರ ಭಾರತ್ ಅಲ್ಯುಮಿನಿಯಂ ತೀರ್ಪಿನ ನಂತರ ಸೀಟು ವಿದೇಶದಲ್ಲಿದ್ದರೆ ನಮ್ಮ ಕಲಂ 34 ಅಲ್ಲಿ ನಡೆಯುವುದಿಲ್ಲ. ಆದರೆ 2015ರ ತಿದ್ದುಪಡಿಯಿಂದಾಗಿ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಿಂಗಪುರ ಸೀಟಿನ ಕೇಸಿಗೂ ಕಲಂ 9ರಡಿ ಇಲ್ಲಿನ ಹೈಕೋರ್ಟಿನಲ್ಲಿ ಮಧ್ಯಂತರ ಪರಿಹಾರ ಕೇಳಬಹುದು. ಕೇಸಿಗೆ ಮೊದಲೇ ಆದೇಶ ಸಿಕ್ಕರೆ 90 ದಿನದೊಳಗೆ ಆರ್ಬಿಟ್ರೇಶನ್ ಶುರುವಾಗಬೇಕು, ಇಲ್ಲವೇ ಕೋರ್ಟು ಕೊಟ್ಟ ಹೆಚ್ಚಿನ ಅವಧಿಯೊಳಗೆ.

ಸರ್ಕಾರ ರಫ್ತು ನಿಲ್ಲಿಸಿದರೆ ಏನು ಗತಿ ಎಂಬುದೂ ನಮಗೆ ಹೊಸದಲ್ಲ. 2010ರಲ್ಲಿ ಅದಿರು ರಫ್ತು ನಿಂತಾಗಿನ ಬೇಲೆಕೇರಿ, ಕಾರವಾರದ ಚಿತ್ರ ಎಲ್ಲರಿಗೂ ನೆನಪಿದೆ. ಇದಕ್ಕೆ ಓದಲೇಬೇಕಾದ ತೀರ್ಪು ಕೃಷಿ ಮಾರಾಟದ ಸಹಕಾರ ಒಕ್ಕೂಟ ನಾಫೆಡ್ ಮತ್ತು ವಿದೇಶಿ ಖರೀದಿದಾರ ಕಂಪನಿ ಅಲಿಮೆಂಟಾ ನಡುವಿನದು. 1980ರ ಶೇಂಗಾ ಕರಾರು, ಸರ್ಕಾರದ ಅನುಮತಿ ಸಿಗದೆ ಮಾಲು ಹೋಗಲಿಲ್ಲ, ಲಂಡನ್ನಿನಲ್ಲಿ ನಾಫೆಡ್ ವಿರುದ್ಧ ಅವಾರ್ಡ್ ಆಯಿತು. ಅದನ್ನು ಇಲ್ಲಿ ಜಾರಿ ಮಾಡಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಏಪ್ರಿಲ್‌ನಲ್ಲಿ. ನಲವತ್ತು ವರ್ಷ! ಆ ತೀರ್ಪಿನ ತರ್ಕಕ್ಕೆ ಟೀಕೆಯೂ ಬಂದಿದೆ, ನನಗೂ ಅದು ಪೂರ್ತಿ ಒಪ್ಪಿಗೆಯಿಲ್ಲ. ವಿದೇಶಿ ಅವಾರ್ಡಿನ ಒಳಹೊಕ್ಕು ನೋಡಬಾರದು ಎಂದು ಅದೇ ಕೋರ್ಟು ಬೇರೆ ಕಡೆ ಹೇಳಿದೆ. ಆದರೆ ನಿಷೇಧದ ಷರತ್ತನ್ನು ಎಷ್ಟು ಎಚ್ಚರದಿಂದ ಬರೆಯಬೇಕೆಂಬ ಪಾಠ ಅದರಷ್ಟು ಚೆನ್ನಾಗಿ ಬೇರೆಲ್ಲೂ ಸಿಗದು.

ಇನ್ನು ವೃತ್ತಿಯ ದಿನಚರಿ. ದೊಡ್ಡ ಕಚೇರಿ ಸೇರಿದರೆ ಮೊದಲ ಮೂರ್ನಾಲ್ಕು ವರ್ಷ ಬಾಯಿ ತೆರೆಯುವ ಅವಕಾಶ ಅಪರೂಪ. ಸಾವಿರಾರು ಇಮೇಲ್ ಓದಿ ದಿನಾಂಕವಾರು ಘಟನಾಪಟ್ಟಿ ಮಾಡುವುದೇ ಕೆಲಸ. ಆಮೇಲೆ ರೆಡ್‌ಫರ್ನ್ ಷೆಡ್ಯೂಲ್: ಎದುರಾಳಿಯಿಂದ ಬೇಕಾದ ದಾಖಲೆ, ಅದು ಏಕೆ ಬೇಕು, ಅವರ ಆಕ್ಷೇಪ, ಟ್ರಿಬ್ಯುನಲ್‌ನ ನಿರ್ಧಾರ ಎಂಬ ಕಾಲಂಗಳ ಪಟ್ಟಿ. ‘ಎಲ್ಲ ಪತ್ರವ್ಯವಹಾರ’ ಎಂದು ಬರೆದರೆ ತಿರಸ್ಕೃತವಾಗುವ ಸಂಭವವೇ ಹೆಚ್ಚು; ‘ಮಾರ್ಚ್ 1ರಿಂದ 20ರ ನಡುವೆ ಸರ್ವೇಯರ್ ಕಳಿಸಿದ ವರದಿಗಳು’ ಎಂದು ಬರೆದರೆ ಸಿಗುತ್ತದೆ.

ಸಾಕ್ಷಿ ಹೇಳಿಕೆಯಲ್ಲಿ ನಮ್ಮವರಿಗೆ ನಿಜವಾದ ಅನುಕೂಲವಿದೆ. ಮುಖ್ಯ ವಿಚಾರಣೆಯ ಬದಲು ಲಿಖಿತ ಹೇಳಿಕೆ, ನಂತರ ನೇರ ಪಾಟೀಸವಾಲು. ಮುಂಬಯಿಯ ಕಚೇರಿಯಲ್ಲಿ ಕೂತು ಸೊಗಸಾದ ಇಂಗ್ಲಿಷಿನಲ್ಲಿ ಬರೆದ ಹೇಳಿಕೆಗೆ ಕಾರ್ಖಾನೆಯ ಮೇಸ್ತ್ರಿ ಸಹಿ ಹಾಕಿರುತ್ತಾನೆ. ಪಾಟೀಸವಾಲಿನಲ್ಲಿ ಅದರ ಒಂದು ಪದದ ಅರ್ಥ ಕೇಳಿದರೆ ಅವನು ತಬ್ಬಿಬ್ಬು. ಅಲ್ಲಿಗೆ ಹೇಳಿಕೆಯ ಬೆಲೆ ಹೋಯಿತು. ಹೇಳಿಕೆಯನ್ನು ಅವನಾಡುವ ಕನ್ನಡದಲ್ಲೋ ಕೊಂಕಣಿಯಲ್ಲೋ ಬರೆದುಕೊಂಡು, ಅವನಿಗೆ ಓದಿ ಹೇಳಿ ಸಹಿ ಪಡೆದು, ಪ್ರಮಾಣಿತ ಅನುವಾದ ಲಗತ್ತಿಸಬೇಕು. ವಿಚಾರಣೆಗೆ ದುಭಾಷಿ ಬೇಕೆಂದು ಮೊದಲ ಪ್ರೊಸೀಜರಲ್ ಆರ್ಡರ್ (ಕೇಸು ನಡೆಯುವ ಕ್ರಮ ಗೊತ್ತುಮಾಡುವ ಆದೇಶ) ಹಂತದಲ್ಲೇ ಕೇಳಬೇಕು. ‘ಮಾಲು ಬಿಸಿಯಾಗಿತ್ತು’ ಅಂದದ್ದನ್ನು ಬರೀ ‘ಹಾಟ್’ ಎಂದು ಅನುವಾದಿಸಿದರೆ ಕೇಸಿನ ಅರ್ಧ ಹೋಯಿತು. ಅವನು ಹೇಳುತ್ತಿದ್ದದ್ದು ತೇವಕ್ಕೆ ರಾಶಿ ಕಾವೇರಿದ್ದನ್ನು.

ಡಿಪ್ಲೊಮಾ ಬೇಡ ಎನ್ನುತ್ತಿಲ್ಲ. ಸಿಂಗಪುರ, ಲಂಡನ್ ಸೀಟಿನ ಆರ್ಬಿಟ್ರೇಶನ್ ನಡೆಸಲು ಅಲ್ಲಿನ ಸನದು ಬೇಕಿಲ್ಲ, ಇಲ್ಲಿನದು ಇಟ್ಟುಕೊಂಡೇ ವಾದಿಸಬಹುದು. ಹಾಗಾಗಿ ಫೀಸು ಕಟ್ಟುವ ಮೊದಲು ಪರಿಚಯದ ಕಾರ್ಖಾನೆಯವರನ್ನು ಕೇಳಿ ಹಳೆಯದೊಂದು ಆಮದಿನ ಫೈಲು ಬಿಚ್ಚಿ: ಕರಾರು, ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಸರಕಿನ ರಸೀದಿ), ಎರಡೂ ಬಂದರಿನ ಗುಣಮಟ್ಟದ ಸರ್ಟಿಫಿಕೇಟು, ಇಮೇಲುಗಳು. ಎರಡು ಪುಟದ ಘಟನಾಪಟ್ಟಿ ಬರೆಯಿರಿ. ಎರಡು ಸರ್ಟಿಫಿಕೇಟಿನ ತೇವಾಂಶದ ಅಂಕಿ ಒಂದೇ ಆಗಿಲ್ಲದಿದ್ದರೆ ಅಲ್ಲೊಂದು ಗುರುತು ಹಾಕಿ.