ನಾಲ್ಕು ಚೀಲದ ಬೇಸಾಯ

ಹೋದ ತಿಂಗಳು ಒಂದು ಸೋಮವಾರ ಬೆಳಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಒಂದು ಸೂಚನೆಯನ್ನು ಅಂಟಿಸಲಾಗಿತ್ತು: “ಟೆರೇಸ್ ಮೇಲೆ ವ್ಯವಸಾಯ ಮಾಡುತ್ತಿರುವವರು ತಮ್ಮ ಕೊಂಡಗಳನ್ನು ಏಳು ದಿನಗಳೊಳಗೆ ತೆರವುಗೊಳಿಸತಕ್ಕದ್ದು.” ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಇಂಥ ವಾಕ್ಯವನ್ನು ಓದಿದಾಗ ಯಾವ ಪದದ ಮೇಲೆ ಮೊದಲು ಸಿಟ್ಟಾಗಬೇಕೆಂಬುದೇ ತೋಚುವುದಿಲ್ಲ. ಕುಂಡಗಳು ಕೊಂಡಗಳಾದದ್ದರಿಂದ, ನಾನು ರಾತ್ರಿ ಹೊತ್ತಿನಲ್ಲಿ ತಾರಸಿಯ ಮೇಲೆ ಸೌದೆ ಒಟ್ಟಿ, ಕೆಂಡ ಹರವಿ, ಪಂಚೆ ಎತ್ತಿ ಕಟ್ಟಿ ಕೊಂಡ ಹಾಯುತ್ತಿದ್ದೇನೆಂಬ ಅರ್ಥ ಬರುತ್ತಿತ್ತು. ‘ಮಾಡುತ್ತಿರುವವರು’ ಎಂಬ ಬಹುವಚನವಂತೂ ಗೌರವಕ್ಕೆ ಬಂದದ್ದಲ್ಲ. 16 ಮನೆಗಳ ಪೈಕಿ ಆ ಕೆಲಸ ಮಾಡುತ್ತಿದ್ದವನು ನಾನೊಬ್ಬನೇ. ಹೆಸರು ಹೇಳದೆ ಬಯ್ಯುವುದಕ್ಕೆ ನಮ್ಮ ಭಾಷೆ ಇಷ್ಟು ಅನುಕೂಲ ಮಾಡಿಕೊಡಬಾರದಿತ್ತು. ಜೇಬಿನಿಂದ ಪೆನ್ನು ತೆಗೆದು ‘ಕೊ’ ಅಕ್ಷರವನ್ನು ‘ಕು’ ಎಂದು ತಿದ್ದಿದೆ. ತಿದ್ದಿ ಹೊರಗೆ ಬಂದ ಮೇಲೆ, ಆ ಸೂಚನೆ ನನಗೇ ಸೇರಿದ್ದೆಂದು ಸಹಿ ಮಾಡಿಕೊಟ್ಟಂತಾಯಿತಲ್ಲಾ ಎಂದು ಹೊಳೆಯಿತು.

ನಾನು ಅಲ್ಲಿಗೆ ಹೋಗುವುದಕ್ಕೆ ಮೊದಲು ಆ ತಾರಸಿಯ ಮೇಲೆ ಇದ್ದದ್ದು ಏನೆಂದರೆ, ಯಾವ ಮನೆಯದೆಂದು ಯಾರೂ ಒಪ್ಪಿಕೊಳ್ಳದ ಮುರಿದ ಮಂಚ, ಕೆಲಸ ನಿಲ್ಲಿಸಿದ ಏಳು ಡಿಶ್ ಆಂಟೆನಾಗಳು, ಒಂದು ಕಾಲಿಲ್ಲದ ಪ್ಲಾಸ್ಟಿಕ್ ಕುರ್ಚಿ ಮತ್ತು ಪಾರಿವಾಳಗಳು. ಬೀಗದ ಕೈ ಎರಡನೇ ಮಹಡಿಯ ಸೆಕ್ರೆಟರಿಯವರ ಮನೆಯ ಮೊಳೆಗೆ ತೂಗುಹಾಕಿರುತ್ತಿತ್ತು. ಅಲ್ಲಿ ಒಂದು ಪುಸ್ತಕವಿತ್ತು, ಕೈ ತೆಗೆದುಕೊಂಡವರು ಕಾರಣ ಬರೆದು ಸಹಿ ಹಾಕಬೇಕಿತ್ತು. ಆ ಪುಸ್ತಕದಲ್ಲಿ ನನಗಿಂತ ಹಿಂದಿನ ಒಂದು ವರ್ಷದಲ್ಲಿ ಬರೆದಿದ್ದ ಕಾರಣಗಳು ಎರಡೇ: ಟ್ಯಾಂಕ್, ಹಪ್ಪಳ.

ಈ ತೋಟದಿಂದ ನಾನು ಏನು ಕಲಿತೆನೆಂದು ಹಳೆಯ ಶಿಷ್ಯನೊಬ್ಬ ಈಚೆಗೆ ಬಹಳ ವಿನಯದಿಂದ ಕೇಳಿದ. ಅದನ್ನು ಹೇಳುವುದಕ್ಕೆಂದೇ ಈ ಬರಹಕ್ಕೆ ಕುಳಿತಿದ್ದೇನೆ. ಆದರೆ ಮೊದಲು ಮಣ್ಣಿನ ವಿಷಯ ಮುಗಿಸಬೇಕು.

ಹಾಸನದಲ್ಲಿ ಮಣ್ಣಿಗೆ ದುಡ್ಡು ಕೊಡುವುದು ಮಾನವಂತರ ಕೆಲಸವಲ್ಲ. ಊರು ಎಷ್ಟೇ ಬೆಳೆದಿರಲಿ, ನಮ್ಮ ತಾರಸಿಯ ಮೇಲೆ ನಿಂತು ಸಾಲಗಾಮೆ ರಸ್ತೆಯ ದಿಕ್ಕಿಗೆ ನೋಡಿದರೆ ಲೇಔಟಿನ ಕಲ್ಲುಗಳಾಚೆ ಈಗಲೂ ಉತ್ತ ಹೊಲ ಕೆಂಪಗೆ ಕಾಣುತ್ತದೆ. ಅಂಥ ಊರಿನಲ್ಲಿ ನಾನು ನರ್ಸರಿಗೆ ಹೋಗಿ, ಕೆಂಪು ಮಣ್ಣು ಚೀಲಕ್ಕೆ ಇಷ್ಟು, ಕೊಟ್ಟಿಗೆ ಗೊಬ್ಬರ ಇಷ್ಟು, ಬೇವಿನ ಹಿಂಡಿ ಕಿಲೋಗೆ ಇಷ್ಟು ಎಂದು ಬಿಲ್ಲು ಬರೆಸಿಕೊಂಡು ಬಂದೆ. ಸುದ್ದಿ ನನಗಿಂತ ಮೊದಲು ಅಕ್ಕನ ಊರು ತಲುಪಿತ್ತು. ಸಂಜೆ ಭಾವನ ಫೋನು ಬಂತು. “ಏನ್ ಭಾಮೈದ, ಮಣ್ಣಿಗ್ ದುಡ್ ಕೊಟ್ಯಂತೆ? ಇಲ್ಲಿಗ್ ಬಂದಿದ್ರೆ ಬಾಚ್ಕೊಂಡ್ ಹೋಗ್ಬೋದಿತ್ತಲ್ಲ!” ಭಾವನವರು ಹೇಳಿದ್ದು ನಿಜವೇ. ಆದರೆ ಅವರು ಬಾಚಿಕೊಂಡು ಹೋಗು ಎಂದ ಹೊಲ, ನಮ್ಮ ತಂದೆಯವರ ಕಾಲದ ನಂತರ ನನ್ನ ಪಾಲಿಗೆ ಬಂದು, ಈ ಫ್ಲ್ಯಾಟು ಕೊಳ್ಳುವುದಕ್ಕಾಗಿ ನಾನೇ ಅವರಿಗೆ ಮಾರಿದ ಎರಡು ಎಕರೆ. ಮಾರಿದ ಹೊಲಕ್ಕೆ ಹೋಗಿ ಎರಡು ಬಾಂಡಲಿ ಮಣ್ಣು ಬೇಡುವುದಕ್ಕಿಂತ ನರ್ಸರಿಯವನಿಗೆ ದುಡ್ಡು ಕೊಡುವುದೇ ಸಲೀಸೆಂದು ನನಗೆ ತೋರಿತ್ತು. ಇದನ್ನು ಫೋನಿನಲ್ಲಿ ಹೇಳಲಾಗಲಿಲ್ಲ.

ಮೂರನೇ ಮಹಡಿಯಲ್ಲಿ ನಿವೃತ್ತ ಎಂಜಿನಿಯರೊಬ್ಬರಿದ್ದಾರೆ. ನನ್ನ ಮಣ್ಣಿನ ಚೀಲಗಳು ಮೆಟ್ಟಿಲು ಹತ್ತುತ್ತಿರುವುದನ್ನು ಕಂಡು (ಲಿಫ್ಟಿನಲ್ಲಿ ಮಣ್ಣು ಸಾಗಿಸಕೂಡದೆಂಬ ಸೂಚನೆ ಅಷ್ಟರಲ್ಲೇ ಬಂದಿತ್ತು) ಅವರು ಬಾಗಿಲಿಗೆ ಬಂದು, “ಮೇಷ್ಟ್ರೇ, ಒಂದ್ ನಿಮಿಷ” ಎಂದರು. ಆ ಒಂದು ನಿಮಿಷ ನಲವತ್ತು ನಿಮಿಷವಾಯಿತು. ಜನ ಓಡಾಡುವ ತಾರಸಿಗೆ ಚದರ ಮೀಟರಿಗೆ ಸುಮಾರು 150 ಕಿಲೋ ಹೊರೆಯೆಂದು ಲೆಕ್ಕ ಹಿಡಿದು ಕಟ್ಟುತ್ತಾರೆ, ಒಂದಡಿ ದಪ್ಪ ಹಸಿ ಮಣ್ಣು ಹರಡಿದರೆ ಅದೇ ಚದರ ಮೀಟರಿಗೆ 500 ಕಿಲೋ ಮುಟ್ಟುತ್ತದೆ, ಮೇಲೆ ಮಳೆ ನೀರು ನಿಂತರೆ ಲೀಟರಿಗೆ ಒಂದು ಕಿಲೋ ಬೇರೆ. ಆದ್ದರಿಂದ ಮಣ್ಣನ್ನು ಹರಡಬೇಡಿ, ಚೀಲದಲ್ಲಿ ತುಂಬಿ ಕೆಳಗೆ ತೊಲೆ ಹಾದುಹೋಗಿರುವ ಕಡೆ, ಗೋಡೆಯಂಚಿಗೆ ಸಾಲಾಗಿ ಇಡಿ, ಇಟ್ಟಿಗೆಯ ಮೇಲೆ ಇಡಿ, ಅರ್ಧಕ್ಕರ್ಧ ತೆಂಗಿನ ನಾರಿನ ಪುಡಿ ಬೆರೆಸಿ ಎಂದು ಪತ್ರಿಕೆಯ ಅಂಚಿನಲ್ಲಿ ಚಿತ್ರ ಬರೆದು ತೋರಿಸಿದರು. ಎಲ್ಲವೂ ಸರಿಯಾದ ಮಾತೇ. ಅದೇ ನನಗೆ ಬೇಸರ ತರಿಸಿದ್ದು. ಅರಸೀಕೆರೆ ಕಡೆಯಿಂದ ಬರುವ ಆ ನಾರಿನ ಪುಡಿಯ ಇಟ್ಟಿಗೆಯನ್ನು ತಂದು, ಉಪ್ಪಿನಂಶ ಹೋಗಲೆಂದು ಎರಡು ಬಾರಿ ತೊಳೆದು ಬೆರೆಸಿದೆ. ಬಕೆಟಿನಲ್ಲಿ ಅದು ನೀರು ಕುಡಿದು ಉಬ್ಬುವುದನ್ನು ನೋಡುತ್ತಾ ಅರ್ಧ ಗಂಟೆ ಕುಳಿತಿದ್ದೆನೆಂಬುದನ್ನು ಎಂಜಿನಿಯರಿಗೆ ಹೇಳಿಲ್ಲ.

ಟೊಮೆಟೊ, ಮೆಣಸಿನಕಾಯಿ, ಮೆಂತ್ಯ ಎಲ್ಲರೂ ಬೆಳೆಯುತ್ತಾರೆ. ಹಾಸನದವನಾಗಿ ಆಲೂಗಡ್ಡೆ ಬೆಳೆಯದಿದ್ದರೆ ಹೇಗೆಂಬ ಆಲೋಚನೆ ನನಗೆ ಮೇ ತಿಂಗಳ ಮೊದಲ ವಾರದಲ್ಲಿ ಬಂತು, ಮತ್ತು ನಾನು ಎ.ಪಿ.ಎಂ.ಸಿ. ಯಾರ್ಡಿಗೆ ಹೋದೆ. ಹೊರಗಿನವರಿಗೆ ಆ ದಿನಗಳ ಯಾರ್ಡು ಗೊತ್ತಿರಲಾರದು. ಇಲ್ಲಿ ಬಿತ್ತುವ ಆಲೂಗಡ್ಡೆ ಇಲ್ಲಿಯದಲ್ಲ. ಬಿತ್ತನೆ ಗಡ್ಡೆ ದೂರದ ಪಂಜಾಬಿನ ಜಲಂಧರ್‌ನಿಂದ ಲಾರಿಗಳಲ್ಲಿ ಬರುತ್ತದೆ. ಹೆಚ್ಚಾಗಿ ಕುಫ್ರಿ ಜ್ಯೋತಿ ತಳಿ, ಶಿಮ್ಲಾದ ಸಂಶೋಧನಾ ಕೇಂದ್ರ 1968ರಲ್ಲಿ ಬಿಡುಗಡೆ ಮಾಡಿದ್ದು. ರೈತರು ಚೀಲದ ಬಾಯಿ ಬಿಚ್ಚಿಸಿ, ಕೈ ಇಳಿಬಿಟ್ಟು ತಳದಿಂದ ಒಂದು ಗಡ್ಡೆ ತೆಗೆದು, ಉಗುರಿನಿಂದ ಸಿಪ್ಪೆ ಕೆರೆದು, ಮೂಸಿ, ಒಂದು ಮಾತೂ ಆಡದೆ ಮುಂದಿನ ಮಂಡಿಗೆ ನಡೆಯುತ್ತಾರೆ. ನಾನೂ ಒಂದು ಗಡ್ಡೆಯನ್ನು ಕೆರೆದು ಮೂಸಿದೆ. ಮಣ್ಣಿನ ವಾಸನೆ ಬಂತು. ತಲೆಯಾಡಿಸಿದೆ.

ಮಂಡಿಯ ಯಜಮಾನರು ಕನ್ನಡಕದ ಮೇಲಿಂದ ನೋಡಿ, “ಎಷ್ಟ್ ಎಕರೆಗೆ ಸ್ವಾಮಿ?” ಎಂದರು.

“ಎಕರೆಗಲ್ಲ, ನಾಲ್ಕು ಚೀಲಕ್ಕೆ” ಎಂದೆ.

“ನಾಲ್ಕ್ ಚೀಲ, ಬರ್ಕೊಳ್ಳೋ” ಎಂದು ಅವರು ಗುಮಾಸ್ತನಿಗೆ ಹೇಳಿಬಿಟ್ಟರು. ಚೀಲವೆಂದರೆ ಐವತ್ತು ಕಿಲೋ.

“ನಾಲ್ಕು ಚೀಲ ಅಲ್ಲ, ನಾಲ್ಕು ಚೀಲಕ್ಕೆ ಹಾಕುವುದಕ್ಕೆ” ಎಂದು ವಿವರಿಸಿದೆ.

“ಚೀಲಕ್ಕೇ ಹಾಕ್ ಕೊಡೋದು ಸ್ವಾಮಿ, ಕೈಗ್ ಕೊಡ್ತೀವಾ?”

ವಿಭಕ್ತಿ ಪ್ರತ್ಯಯದ ಬಗ್ಗೆ ನಾನು ಜೀವಮಾನವಿಡೀ ಹೇಳಿದ ಪಾಠಗಳಲ್ಲಿ ಒಂದೂ ಆ ಗಳಿಗೆಯಲ್ಲಿ ನನ್ನ ಸಹಾಯಕ್ಕೆ ಬರಲಿಲ್ಲ. ಪ್ರಥಮಾ, ಚತುರ್ಥಿಗಳ ನಡುವೆ ನಾನು ತೊದಲುತ್ತಿರುವಾಗ ಹಮಾಲಿಯೊಬ್ಬ ಮೊದಲನೆಯ ಚೀಲವನ್ನು ಬೆನ್ನಿಗೇರಿಸಿ, “ಗಾಡಿ ಯಾವ್ದು?” ಎಂದು ಹೊರಗೆ ಹೋದವನು, ಗೇಟಿನ ಬಳಿ ನಿಂತಿದ್ದ ನನ್ನ ಹಳೆಯ ಸ್ಕೂಟರನ್ನು ಕಂಡು ಅದೇ ಚೀಲದೊಂದಿಗೆ ಒಳಗೆ ಬಂದ. ಯಜಮಾನರಿಗೆ ಏನೋ ಎಡವಟ್ಟಾಗಿದೆಯೆಂದು ಆಗ ಅನ್ನಿಸಿತು. “ಹೊಲ ಎಲ್ಲಿ ಸ್ವಾಮಿ ನಿಮ್ದು?”

“ಮಹಡಿ ಮೇಲೆ.”

“ಮಹಡಿ ಅಂದ್ರೆ… ಆಲೂರ್ ಕಡೆ ಬರ್ತದಾ?”

ಅಪಾರ್ಟ್‌ಮೆಂಟು, ತಾರಸಿ, ಗ್ರೋ ಬ್ಯಾಗು ಎಂದು ನಾನು ಕ್ರಮವಾಗಿ ವಿವರಿಸಿದೆ. ಮಂಡಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಚೀಲದ ಮೇಲೆ ಕುಳಿತು ಬೀಡಿ ಸೇದುತ್ತಿದ್ದ ಹಿರಿಯರೊಬ್ಬರು ಎದ್ದು, ತಾವು ಕೊಂಡಿದ್ದ ಚೀಲದ ಬಾಯಿ ಬಿಚ್ಚಿ, ಎರಡೂ ಕೈ ತುಂಬ ಗಡ್ಡೆ ತೆಗೆದು ನನ್ನ ಬಟ್ಟೆಯ ಬ್ಯಾಗಿಗೆ ಸುರಿದರು. ಆಮೇಲೆ ಇನ್ನೊಂದು ಹಿಡಿ ಸೇರಿಸಿದರು. ದುಡ್ಡು ಕೊಡಹೋದರೆ ಮುಟ್ಟಲಿಲ್ಲ. “ಬೆಳೆ ಬಂದಾಗ ಒಂದ್ ಲೋಡ್ ಕಳ್ಸಿ” ಎಂದರು. ಎಲ್ಲರೂ ನಕ್ಕರು. ಹಮಾಲಿ ಮಾತ್ರ ನಗಲಿಲ್ಲ. ಹೊತ್ತು ಇಳಿಸಿದ ಕೂಲಿಯನ್ನು ಅವನಿಗೆ ನಾನೇ ಕೊಡಬೇಕಾಯಿತು.

ಮನೆಗೆ ಬಂದು ತೂಗಿದೆ: 1 ಕಿಲೋ 100 ಗ್ರಾಂ. ಪ್ರತಿ ಹೋಳಿಗೂ ಎರಡು ಕಣ್ಣು ಬರುವಂತೆ ಕೊಯ್ದು, ಕೊಯ್ದ ಭಾಗ ಒಣಗುವಂತೆ ನೆರಳಿನಲ್ಲಿ ಹರಡಿ, ರೋಹಿಣಿ ಮಳೆ ಬಿದ್ದ ಮರುದಿನ ನಾಟಿ ಮಾಡಿದೆ. ಗಿಡ ಒಂದು ಗೇಣು ಬಂದಾಗ ಬುಡಕ್ಕೆ ಮಣ್ಣು ಏರಿಸಿದೆ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಅದರ ಮೇಲೆ ನಮ್ಮ ನಾಲ್ಕು ಮಹಡಿ. ಇಲ್ಲಿನ ಗಾಳಿಗೆ ಗಿಡಗಳು ಬಳುಕುತ್ತಾ ನಿಂತದ್ದನ್ನು ನೋಡಿ ನನಗೆ ಜಂಬ ಬಂದಿತ್ತು. ಆರಿದ್ರಾ ಮಳೆ ಹಿಡಿಯಿತು. ಎಂಟು ದಿನ ಬಿಸಿಲಿಲ್ಲ, ಸದಾ ಸೋನೆ, ಬೆಳಗ್ಗೆ ಎದುರಿನ ಕಟ್ಟಡ ಕಾಣದಷ್ಟು ಮಂಜು. ಒಂಬತ್ತನೆಯ ದಿನ ಎಲೆಯಂಚಿನಲ್ಲಿ ಬಿಸಿನೀರು ಚೆಲ್ಲಿದಂತೆ ಕಪ್ಪು ಕಲೆ. ಎಲೆ ಮಗುಚಿದರೆ ಕಲೆಯ ಸುತ್ತ ಬೂದಿಯಂಥ ಬಿಳುಪು. ಅಂಗಮಾರಿ. 1845ರಲ್ಲಿ ಐರ್ಲೆಂಡಿನ ಹೊಲಗಳನ್ನು ಕೊಳೆಸಿ ಜನರನ್ನು ಊರು ಬಿಡಿಸಿದ್ದು ಇದೇ ರೋಗ. ಇಲ್ಲಿನ ಎಷ್ಟೋ ರೈತರು ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ ತಿರುಗಿದ್ದಕ್ಕೂ ಇದು ಕಾರಣ, ನಮ್ಮ ಭಾವನೂ ಅವರಲ್ಲೊಬ್ಬರು. ಗಾಳಿಯಲ್ಲಿ ಹಾರಿ ಬರುವ ಈ ರೋಗಕ್ಕೆ ನಮ್ಮ ಬೀಗದ ಕೈಯೂ ಬೇಕಾಗಲಿಲ್ಲ, ಪುಸ್ತಕದಲ್ಲಿ ಸಹಿಯೂ ಬೇಕಾಗಲಿಲ್ಲ.

ಆಗಸ್ಟಿನಲ್ಲಿ ನಾಲ್ಕು ಚೀಲವನ್ನೂ ಮಗುಚಿ ಹಾಕಿದೆ. 1 ಕಿಲೋ 400 ಗ್ರಾಂ. ಅದರಲ್ಲಿ ಮೂರು ಗಡ್ಡೆಗಳು ಬೆಳಕು ತಾಗಿ ಹಸಿರಾಗಿದ್ದವು, ಅವನ್ನು ತಿನ್ನುವಂತಿರಲಿಲ್ಲ. ಉಳಿದದ್ದರಲ್ಲಿ ಒಂದು ದಿನದ ಪಲ್ಯವಾಯಿತು. ಅದನ್ನು ಯಾರಿಗೂ ಕೊಡಲಿಲ್ಲ.

ಇನ್ನು ಲಿಫ್ಟಿನ ಸೂಚನೆಗೆ ಬರುತ್ತೇನೆ. ಮೇಲಿನ ಮಹಡಿಯ ಒಂದು ಮನೆಯ ಮಲಗುವ ಕೋಣೆಯ ಸೀಲಿಂಗಿನಲ್ಲಿ ತೇವ ಕಾಣಿಸಿಕೊಂಡಿತ್ತು, ಮತ್ತು ತೇವಕ್ಕೆ ನನ್ನ ಕುಂಡಗಳೇ ಕಾರಣವೆಂದು ತೀರ್ಮಾನವಾಗಿತ್ತು. ನಿಜವಾದ ಕಾರಣವನ್ನು ಪ್ಲಂಬರ್ ಗುರುವಾರ ಹೊರತೆಗೆದ. ಮಳೆನೀರು ಇಳಿಯುವ ಪೈಪಿನ ಬಾಯಲ್ಲಿ ಒಂದು ಪ್ಲಾಸ್ಟಿಕ್ ಚೆಂಡು ಸಿಕ್ಕಿಕೊಂಡು, ಆ ಮೂಲೆಯಲ್ಲಿ ಗೇಣುದ್ದ ನೀರು ನಿಂತಿತ್ತು. ಚೆಂಡು ಸೆಕ್ರೆಟರಿಯವರ ಮಗನದು. ಭಾನುವಾರದ ಸಭೆಯಲ್ಲಿ ನಾನು ಇದನ್ನು ಎತ್ತಲಿಲ್ಲ, ದೊಡ್ಡತನ ಮೆರೆದೆ, ಇಲ್ಲಿ ಬರೆಯುತ್ತಿದ್ದೇನೆ.

ಸಭೆಯಲ್ಲಿ ಯಾರೋ, “ಟೆರೇಸ್ ಎಲ್ಲರದ್ದೂ ಅಲ್ವಾ? ಮೇಷ್ಟ್ರಿಗೊಬ್ರಿಗೇ ಯಾಕೆ?” ಎಂದರು. ಅಲ್ಲಿಯವರೆಗೆ ಟ್ಯಾಂಕಿಗೋ ಹಪ್ಪಳಕ್ಕೋ ಅಲ್ಲದೆ ಮೇಲೆ ಹತ್ತದಿದ್ದ 15 ಮನೆಯವರಿಗೆ ಒಮ್ಮೆಲೇ ಪಾಲು ಬೇಕೆನಿಸಿತು. ಎಂಜಿನಿಯರು ಟೇಪು ತಂದರು. ತಾರಸಿಯನ್ನು 16 ಭಾಗ ಮಾಡಿ, ಸುಣ್ಣದ ಗೆರೆ ಎಳೆದು, ಚೀಟಿ ಎತ್ತಿಸಿದರು. ನನಗೆ ಬಂದದ್ದು ನೀರಿನ ಟ್ಯಾಂಕಿನ ಬಡಗಣ ಮಗ್ಗುಲು. ಇನ್ನು ಶಿವರಾತ್ರಿ ಕಳೆಯುವವರೆಗೆ ಅಲ್ಲಿಗೆ ಬಿಸಿಲು ಬರುವುದಿಲ್ಲ. “ದೊಡ್ಡಪತ್ರೆ ಚೆನ್ನಾಗಿ ಬರ್ತದೆ ಸರ್ ನೆರಳಲ್ಲಿ” ಎಂದು ಸೆಕ್ರೆಟರಿಯವರು ಸಮಾಧಾನ ಹೇಳಿದರು. ಅಂದೇ ಸಂಜೆ ಒಬ್ಬೊಬ್ಬರೂ ತಮ್ಮ ತಮ್ಮ ಚೌಕದ ನಡುವೆ ಒಂದೊಂದು ತುಳಸಿ ಕುಂಡ ಇಟ್ಟು ಸ್ವಾಧೀನ ಪಡೆದರು. ಕಾಲಿಲ್ಲದ ಕುರ್ಚಿಗೂ ಮಾಲೀಕರು ಸಿಕ್ಕರು. ಭಾವನಿಗೆ ಸುದ್ದಿ ಮುಟ್ಟಿ ಫೋನು ಬಂತು: “ಪಾಣಿ ಯಾರ್ ಹೆಸ್ರಿಗ್ ಮಾಡ್ಸಿದ್ಯಾ?”

ಮಂಗಳವಾರ ರಾತ್ರಿ ಉತ್ತರೆ ಮಳೆ ಜೋರಾಗಿ ಬಿದ್ದು ಸುಣ್ಣದ ಗೆರೆಗಳೆಲ್ಲ ತೊಳೆದುಹೋದವು. ಬುಧವಾರ ಬೆಳಗ್ಗೆ ಪುಸ್ತಕದಲ್ಲಿ ‘ದೊಡ್ಡಪತ್ರೆ’ ಎಂದು ಕಾರಣ ಬರೆದು, ಕೈ ಪಡೆದು ಮೇಲೆ ಹೋದಾಗ, ಪಕ್ಕದ ಚೌಕದವರ ತುಳಸಿ ಕುಂಡ ನನ್ನ ಕಡೆಗೆ ಸರಿದಿರುವಂತೆ ತೋರಿತು. ಕಣ್ಣಿನ ಅಂದಾಜಿನ ಮೇಲೆ ಯಾರನ್ನೂ ದೂರುವುದು ಸರಿಯಲ್ಲವೆಂದು ಕೆಳಗೆ ಹೋಗಿ ಎಂಜಿನಿಯರರಿಂದ ಟೇಪು ಇಸಿದುಕೊಂಡು ಬಂದೆ. ಗೋಡೆಯ ಮೂಲೆಯಿಂದ ಹಿಡಿದು, ಟೇಪು ಜೋಲದಂತೆ ಎಳೆದು, ಎರಡು ಸಲ ಅಳೆದೆ. ನಾಲ್ಕು ಅಂಗುಲ.