ಸಮುದಾಯ ಆರೋಗ್ಯ ಕಾರ್ಯಕರ್ತರ ಮುಂದುವರಿದ ತರಬೇತಿ: ಒಂದು ಸ್ಪಷ್ಟನೆ

ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಆರಂಭದ ತರಬೇತಿಯೊಂದೇ ಸಾಕು, ಆನಂತರದ ಕಲಿಕೆಗೂ ವೃತ್ತಿಯ ಬೆಳವಣಿಗೆಗೂ ಸಂಬಂಧವಿಲ್ಲ ಎಂಬ ಮಾತು ಹರಿದಾಡುತ್ತಿದ್ದು, ಅದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯು, ತರಬೇತಿಯನ್ನು ಯಶಸ್ವಿಯಾಗಿ ಮುಗಿಸಿದವರಿಗೆ ಸಾಮರ್ಥ್ಯಾಧಾರಿತ ಪ್ರಮಾಣಪತ್ರ (ಕೆಲಸ ಮಾಡಬಲ್ಲ ಕೌಶಲವನ್ನು ದೃಢೀಕರಿಸುವ ಪತ್ರ) ನೀಡಬೇಕೆಂದೂ, ಸೇವಾವಧಿ ಮತ್ತು ಕಾರ್ಯಕ್ಷಮತೆಯನ್ನು ಗಮನಿಸಿ ಮುಂದಿನ ಶಿಕ್ಷಣಕ್ಕೂ ವೃತ್ತಿಯ ಮೇಲಿನ ಹಂತಗಳಿಗೂ ಅವಕಾಶ ಕಲ್ಪಿಸಬೇಕೆಂದೂ ಸೂಚಿಸಿದೆ. ಇದು ಶಿಫಾರಸೇ ಹೊರತು ಕಾನೂನಲ್ಲ. ಜಾರಿಯ ಹೊಣೆ ಆಯಾ ಸರ್ಕಾರಗಳದ್ದು.

ಆನ್‌ಲೈನ್ ಪಾಠಗಳಷ್ಟೇ ಸಾಕೆಂಬುದೂ ತಪ್ಪು ತಿಳಿವಳಿಕೆ. ಅದೇ ಮಾರ್ಗಸೂಚಿಯು ಮುಖಾಮುಖಿ ಕಲಿಕೆಯನ್ನೂ ಸಮುದಾಯದ ನಡುವಿನ ಅಭ್ಯಾಸವನ್ನೂ ಜೊತೆಗಿರಿಸಿದೆ, ಮತ್ತು ಅದು ನ್ಯಾಯವೇ ಸರಿ: ನವಜಾತ ಶಿಶುವಿನ ಉಸಿರಾಟ ಎಣಿಸುವುದಾಗಲಿ, ರಕ್ತದೊತ್ತಡ ಅಳೆಯುವುದಾಗಲಿ, ಅನುಭವಿಗಳ ಮೇಲ್ವಿಚಾರಣೆಯಲ್ಲಿ ಕೈಯಾರೆ ಮಾಡದೆ ಕರಗತವಾಗದು. ಆದರೆ ತರಬೇತಿ ಮುಗಿಸಿದವರಿಗೆ ಸಿಗುವ ಪ್ರಮಾಣಪತ್ರವು ಶುಶ್ರೂಷಾ (ನರ್ಸಿಂಗ್) ವೃತ್ತಿಯ ನೋಂದಣಿಗೆ ಸಮನಲ್ಲ; ಅದಕ್ಕೆ ಪ್ರತ್ಯೇಕ ಅಧ್ಯಯನ ಬೇಕು.