ಹಸಿ ಕೆಸ ತಿಂದ ಮುಖ್ಯ ಅತಿಥಿಗಳು

ಮೇಳ ಅಂದಮೇಲೆ ಮೈದಾನ ಸ್ವಚ್ಛ ಇರಬೇಕು, ಅಲ್ವಾ? ಶಿರಸಿಯ ಸೊಪ್ಪಿನ ಮೇಳಕ್ಕೆ ವಾರ ಮೊದಲೇ ಮೈದಾನಕ್ಕೆ ಕಳೆನಾಶಕ ಹೊಡೆಸಿದರು. ಒಂದೆಲಗ, ಹೊನಗೊನೆ, ನೆಲನೆಲ್ಲಿ ಎಲ್ಲ ಕರಟಿಹೋದವು. ಅದರ ಮೇಲೆ ಹಸಿರು ಮ್ಯಾಟ್ ಹಾಸಿ, ಮಳಿಗೆ ಎಬ್ಬಿಸಿ, ಒಂದೆಲಗದ ಕ್ಯಾಪ್ಸೂಲ್ ಮಾರಾಟಕ್ಕೆ ಇಟ್ಟರು. ಪಕ್ಕದಲ್ಲಿ ಕೊರಿಯಾದ ಫೇಸ್ ಕ್ರೀಮು, ಅದರಲ್ಲೂ ಇದೇ ಒಂದೆಲಗ. ಶ್ರೀಲಂಕಾದವರು ಇದನ್ನು ಸಣ್ಣಗೆ ಹೆಚ್ಚಿ, ಕಾಯಿತುರಿ ಬೆರೆಸಿ ಅನ್ನದ ಜೊತೆ ಉಣ್ಣುತ್ತಾರೆ ಎಂದು ಫ್ಲೆಕ್ಸಿನಲ್ಲಿ ಬರೆದಿತ್ತು. ನಮ್ಮವರು ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದು, ಸೊಪ್ಪು, ಕಾಯಿ ಸೇರಿಸಿ ಬೀಸಿ, ಮಜ್ಜಿಗೆ ಹಾಕಿ ತಂಬುಳಿ ಮಾಡುವ ವಿಷಯಕ್ಕೆ ಅಲ್ಲಿ ಜಾಗ ಸಾಲಲಿಲ್ಲ. ಗಣ್ಯರ ಫೋಟೋ ಜಾಸ್ತಿ ಇದ್ದವು.

ಅವತ್ತಿನ ಆಕರ್ಷಣೆ ಕೆಸ. ಇದನ್ನು ತಿನ್ನುವವರು ನಾವಷ್ಟೇ ಅಲ್ಲ. ಹವಾಯಿಯವರು ಕೆಸವಿನ ಎಲೆಯಲ್ಲಿ ಹಂದಿಮಾಂಸ, ಮೀನು ಸುತ್ತಿ ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸುತ್ತಾರೆ. ಫಿಲಿಪೀನ್ಸಿನ ಬಿಕೋಲ್ ಕಡೆ ಒಣಗಿಸಿದ ಎಲೆಯನ್ನು ತೆಂಗಿನಹಾಲಲ್ಲಿ ಕುದಿಸುತ್ತಾರೆ. ನಾವು ಪತ್ರೊಡೆಗೆ ಹುಣಸೆ ಅರೆದು ಸವರುತ್ತೇವೆ, ಇದೇ ಎಲೆಯ ಕರಕಲಿ ಅನ್ನುವ ಅಡುಗೆಗಂತೂ ಹುಳಿ ಕೈಬಿಚ್ಚಿ ಹಾಕುತ್ತೇವೆ. ಸುಮ್ನೆ ಅಲ್ಲ. ಎಲೆಯ ಒಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳಿವೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಹಸಿ ತಿಂದರೆ ಬಾಯಿ, ಗಂಟಲು ಎಲ್ಲ ಚುಚ್ಚುತ್ತವೆ. ಸಮುದ್ರದ ಆಚೆ ಈಚೆಯ ಅಜ್ಜಿಯರೆಲ್ಲ ಒಬ್ಬರನ್ನೊಬ್ಬರು ನೋಡದೆಯೇ ಒಪ್ಪಿಕೊಂಡ ಮಾತು ಇದು.

ಒಪ್ಪದವರು ಬೆಂಗಳೂರಿನಿಂದ ಕರೆಸಿದ ಶೆಫ್ ಒಬ್ಬರೇ. ಬೇಯಿಸಿದರೆ ಸತ್ವ ಹೋಗುತ್ತದಂತೆ. ಹಸಿ ಎಲೆಯನ್ನು ಎಳೆ ಎಳೆಯಾಗಿ ಕತ್ತರಿಸಿ, ಆಲಿವ್ ಎಣ್ಣೆ ಚಿಮುಕಿಸಿ, ಚಿಯಾ ಉದುರಿಸಿ ಮುಖ್ಯ ಅತಿಥಿಗಳ ಕೈಗಿತ್ತರು.

ಕ್ಯಾಮೆರಾ ಎದುರಿಗಿತ್ತು. ಅತಿಥಿಗಳು ಬಾಯ್ತುಂಬ ಹಾಕಿಕೊಂಡು "ಆಹಾ, ನಮ್ಮ ಮಣ್ಣಿನ ರುಚಿ" ಅಂದರು. ಮೈಕು ಹಿಡಿದು "ನಮ್ಮ ಪೂರ್ವಜರು" ಅನ್ನುವಷ್ಟರಲ್ಲಿ ಕೆಮ್ಮು ಬಂತು. ಮತ್ತೆ "ನಮ್ಮ ಪೂರ್ವ" ಅಂದರು. ಕಣ್ಣಲ್ಲಿ ನೀರು. ಕೈ ಗಂಟಲಿಗೆ ಹೋಯಿತು. ಸಭೆ ಚಪ್ಪಾಳೆ ತಟ್ಟಿತು.

ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು ನಿಂತರು. "ಹುಳಿ ಹಾಕಿದ್ಯನೋ ತಮಾ?"

"ಇದು ಫ್ಯೂಷನ್, ಅಜ್ಜೀ."

ಹುಣಸೆಹಣ್ಣಿಗೆ ಹುಡುಕಾಟ ಶುರುವಾಯಿತು. ಅವಕಾಡೊ ಇತ್ತು, ಕಿನೋವಾ ಇತ್ತು, ಹುಣಸೆ ಇರಲಿಲ್ಲ. ಶಿರಸಿಯಲ್ಲಿ! ಸ್ವಯಂಸೇವಕನೊಬ್ಬ ಗೇಟಿನ ಹೊರಗಿನ ಗೋಬಿ ಮಂಚೂರಿ ಗಾಡಿಗೆ ಓಡಿ, ಈರುಳ್ಳಿಯ ಪಕ್ಕ ಇಟ್ಟಿದ್ದ ನಿಂಬೆ ಹೋಳು ತಂದ. 2024ರ ಮಾರ್ಚಿನಲ್ಲಿ ಸರಕಾರ ಕೃತಕ ಬಣ್ಣ ನಿಷೇಧಿಸಿದ ಮೇಲೆ ಗೋಬಿ ಬಿಳಿಚಿಕೊಂಡಿದೆ, ಗಾಡಿ ಎದುರಿನ ಸಾಲೇನೂ ಕರಗಿಲ್ಲ. ಸಾಲಿನಲ್ಲಿ ಮೇಳದ ಬ್ಯಾಡ್ಜ್ ಹಾಕಿಕೊಂಡವರೇ ಅರ್ಧ ಜನ.

ಮರುದಿನ ಪೇಪರಿನಲ್ಲಿ ಫೋಟೋ ಸಮೇತ ಸುದ್ದಿ ಬಂತು: ಪೂರ್ವಜರನ್ನು ನೆನೆದು ಗದ್ಗದಿತರಾದ ಮುಖ್ಯ ಅತಿಥಿ. ಮುಂದಿನ ವರ್ಷವೂ ಅವರನ್ನೇ ಕರೆಯುತ್ತಾರಂತೆ. ಆಗ ಸುವರ್ಣಗಡ್ಡೆಯನ್ನು ಹಸಿಯಾಗಿ ಬಡಿಸುವ ಯೋಚನೆ ಇದೆಯಂತೆ.